ತೂಗುವ ಮುನ್ನ ತೂಗುವುದು

ಹಿಂದಿನ ಕಾಲದ ಗೃಹಸ್ಥರು ತಮ್ಮ ಮನೆಯ ತೊಲೆಗಳಿಗೆ ತೂಗುಹಾಕುತ್ತಿದ್ದ ಭಾರವಾದ ವಸ್ತುಗಳು ಮುಖ್ಯವಾಗಿ ಎರಡು. ಒಂದು ತೊಟ್ಟಿಲು, ಇನ್ನೊಂದು ಉಯ್ಯಾಲೆಯ ಮಣೆ. ಇವೆರಡೂ ಮನುಷ್ಯರನ್ನು ಹೊರತಕ್ಕವುಗಳಾದುದರಿಂದ, ಕೊಂಡಿ ಹಾಕಿಸುವ ದಿನ ಮನೆಯ ಯಜಮಾನನು ತಾನೇ ಎದುರಿಗೆ ನಿಂತು, ತೊಲೆಯನ್ನು ತಟ್ಟಿ ನೋಡಿ, ಬಡಗಿಯನ್ನು ನಾಲ್ಕು ಮಾತು ಕೇಳಿ, ಕಡೆಗೆ ಸರಪಳಿಯನ್ನು ತನ್ನ ಕೈಯಿಂದಲೇ ಜಗ್ಗಿ ನೋಡಿದಲ್ಲದೆ ಕೂಸನ್ನು ಮಲಗಿಸಗೊಡುತ್ತಿರಲಿಲ್ಲ. ದೀಪದ ವಿಷಯದಲ್ಲಿ ಇಷ್ಟು ಎಚ್ಚರವು ಬೇಕಾಗಿರಲಿಲ್ಲ. ದೇವರ ಮನೆಯ ಹಿತ್ತಾಳೆಯ ತೂಗುದೀಪವು ಬಿದ್ದರೆ ಎಣ್ಣೆ ಚೆಲ್ಲಿ ನೆಲ ಜಿಡ್ಡಾದೀತು, ಮನೆಯ ಹೆಂಗಸರು ಅಪಶಕುನವೆಂದು ನೊಂದುಕೊಂಡಾರು. ಅಷ್ಟೇ ಹೊರತು ತಲೆ ಒಡೆಯುವ ಭಯವಿರಲಿಲ್ಲ. ಅನಂತರ ಬಂದ ವಿದ್ಯುದ್ದೀಪವಂತೂ ತನಗೆ ಶಕ್ತಿಯನ್ನು ತರುವ ತಂತಿಯಲ್ಲಿಯೇ ನೇತಾಡಿಕೊಂಡಿರುವಷ್ಟು ಹಗುರವಾಗಿತ್ತು.

ಈಚಿನ ವರ್ಷಗಳಲ್ಲಿ ಪಟ್ಟಣದ ಮನೆಗಳಲ್ಲಿ ಬೇರೊಂದು ಅಭಿರುಚಿ ಕಾಣಿಸಿಕೊಂಡಿದೆ. ಮುಚ್ಚಿಹೋದ ಗಿರಣಿಗಳಿಂದಲೂ ಕಾರ್ಖಾನೆಗಳಿಂದಲೂ ಕಳಚಿ ತಂದ ದೊಡ್ಡ ದೊಡ್ಡ ದೀಪಗಳನ್ನು ಊಟದ ಮೇಜಿನ ಮೇಲೆಯೂ ನಡುಮನೆಯಲ್ಲಿಯೂ ತೂಗುಹಾಕುವುದೇ ಆ ಅಭಿರುಚಿ. ಎನಾಮೆಲ್ ಲೇಪವಿರುವ ಕಬ್ಬಿಣದ ಕೊಡೆ, ಎರಕದ ಒಡಲು, ಅದರೊಳಗೆ ದಪ್ಪ ಗಾಜಿನ ಭರಣಿ, ಭರಣಿಯ ಸುತ್ತ ತಂತಿಯ ಪಂಜರ, ಇದು ಅವುಗಳ ಸ್ವರೂಪ. ಗುಜರಾತಿನ ಭಾವನಗರ ಜಿಲ್ಲೆಯ ಅಲಂಗ್ ಎಂಬ ಕಡಲತೀರದಲ್ಲಿ ೧೯೮೩ರಿಂದ ಲೋಕದ ಹಳೆಯ ಹಡಗುಗಳನ್ನು ಒಡೆಯುವ ಕೆಲಸ ನಡೆದುಬಂದಿದೆ. ಅಲ್ಲಿಂದ ಹೊರಡುವ ಹಿತ್ತಾಳೆಯ ಹಡಗುದೀಪಗಳು ದೇಶದ ಎಲ್ಲಾ ಪಟ್ಟಣಗಳ ಅಂಗಡಿಗಳಿಗೂ ಬರುತ್ತವೆ. ಇವು ನೋಡಲು ಚೆನ್ನಾಗಿವೆಯೆಂಬುದನ್ನು ನಾವು ಒಪ್ಪುತ್ತೇವೆ. ನಮ್ಮ ನಾಡಿನಲ್ಲಿ ವಿದ್ಯುತ್ತು ಮೊದಲು ಬಂದದ್ದೇ ಉದ್ಯಮಕ್ಕಾಗಿ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು ೧೯೦೫ರಲ್ಲಿ. ಆದಕಾರಣ ಕಾರ್ಖಾನೆಯ ದೀಪವು ಕಾಲಾಂತರದಲ್ಲಿ ಮನೆಗೆ ಬಂದರೆ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆದರೆ ಕಾರ್ಖಾನೆಯಲ್ಲಿ ಅದನ್ನು ಕಬ್ಬಿಣದ ತೊಲೆಗೆ ಬಿಗಿದಿದ್ದರು. ಹಡಗಿನಲ್ಲಿ ಉಕ್ಕಿನ ತಗಡಿಗೆ ಬೋಲ್ಟು ಹಾಕಿ ಕೂರಿಸಿದ್ದರು. ಅದನ್ನು ಮಾಡಿದವರಿಗೆ ಅದರ ಭಾರವು ಗಣನೆಗೆ ಬರುವ ವಿಷಯವಾಗಿರಲಿಲ್ಲ. ಗಣಿಸಬೇಕಾದವರು ನಾವು.

ನಾವು ಗಣಿಸಲಿಲ್ಲ. ಆ ಕಥೆಯನ್ನು ಮೊದಲು ಹೇಳಿಬಿಡುವುದೇ ಯುಕ್ತ.

ನಮ್ಮ ಮಗನು ಬೆಂಗಳೂರಿನಲ್ಲಿ ಒಂದು ಮನೆಯನ್ನು ಕಟ್ಟಿಸಿದನು. ೨೦೨೩ನೆಯ ಇಸವಿಯ ಮಾಘಮಾಸದಲ್ಲಿ ಗೃಹಪ್ರವೇಶವೆಂದು ನಿಶ್ಚಯವಾಯಿತು. ಪಂಚಾಂಗವನ್ನು ನೋಡಿ ಮುಹೂರ್ತವನ್ನು ಇಟ್ಟುಕೊಟ್ಟವರು ನಾವೇ. ಊಟದ ಮೇಜಿನ ಮೇಲೆ ತೂಗುಹಾಕಲೆಂದು ಮಗನು ಒಂದು ಹಳೆಯ ಕಾರ್ಖಾನೆಯ ದೀಪವನ್ನು ತಂದಿದ್ದನು. ಹಿಂದಿನ ದಿನ ಸಾಯಂಕಾಲ ವಿದ್ಯುತ್ತಿನ ಕೆಲಸದ ತರುಣನು ಏಣಿಯ ಮೇಲೆ ಹತ್ತಿ, ಚಾವಣಿಯನ್ನು ಬೆರಳಿನಿಂದ ತಟ್ಟಿ, ಕೆಳಗಿಳಿದು ಬಂದು ನಮ್ಮೊಡನೆ ಹೇಳಿದನು:

“ಮೇಷ್ಟ್ರೇ, ಇದು ಬರೀ ಫಾಲ್ಸ್ ಸೀಲಿಂಗ್ ಬೋರ್ಡು. ಇದರ ಮೇಲೆ ಮುಕ್ಕಾಲು ಅಡಿ ಬಿಟ್ಟು ಮೋಲ್ಡಿಂಗ್ ಇದೆ. ಅಲ್ಲಿಂದ ಕಡ್ಡಿ ಇಳಿಸಬೇಕು. ಅಷ್ಟು ಉದ್ದದ ಕಡ್ಡಿ ಇವತ್ತು ನನ್ನ ಹತ್ರ ಇಲ್ಲ. ನಾಳೆ ಸಾಯಂಕಾಲ ತಂದು ಹಾಕ್ತೀನಿ.”

“ನಾಳೆ ಬೆಳಿಗ್ಗೆ ಆರಕ್ಕೆ ಮುಹೂರ್ತ. ನೆಂಟರೆಲ್ಲ ಬರುವವರಿದ್ದಾರೆ. ಇವತ್ತಿಗೆ ಹೇಗಾದರೂ ನಿಲ್ಲಿಸಪ್ಪ” ಎಂದೆವು.

ಆತನು ಒಂದು ಕ್ಷಣ ನಮ್ಮ ಮುಖವನ್ನು ನೋಡಿದನು. ವಯಸ್ಸಾದವರು, ಮೇಲಾಗಿ ಉಪಾಧ್ಯಾಯರಾಗಿದ್ದವರು, ಎದುರಾಡುವುದು ಹೇಗೆ? ಬೋರ್ಡಿನ ಹಿಂದಿನ ತೆಳುವಾದ ತಗಡಿನ ಪಟ್ಟಿಗೆ ನಾಲ್ಕು ಸ್ಕ್ರೂಗಳನ್ನು ತಿರುಗಿಸಿ ದೀಪವನ್ನು ನಿಲ್ಲಿಸಿಯೇಬಿಟ್ಟನು. ಮಾರನೆಯ ದಿನ ಹೋಮದ ಹೊಗೆಯ ನಡುವೆ ಅದು ಬಹಳ ಅಂದವಾಗಿ ಕಂಡಿತು. ಆ ತರುಣನು ಅನಂತರ ಎರಡು ಸಾರಿ ಫೋನು ಮಾಡಿ, “ಕಡ್ಡಿ ತಂದಿದೀನಿ, ಬರಲೇ?” ಎಂದು ಕೇಳಿದನು. ಎರಡು ಸಾರಿಯೂ ಫೋನನ್ನು ತೆಗೆದುಕೊಂಡವರು ನಾವು. “ಗಟ್ಟಿಯಾಗಿಯೇ ಇದೆ, ನಿಧಾನವಾಗಿ ಬಾ” ಎಂದೆವು. ನಿಂತಿರುವುದೆಲ್ಲ ಗಟ್ಟಿಯೆಂಬ ತರ್ಕದೋಷವನ್ನು ನಾವು ಶಾಲೆಯಲ್ಲಿ ಎಷ್ಟು ಮಂದಿ ಹುಡುಗರಲ್ಲಿ ತಿದ್ದಿದ್ದೆವೋ ಲೆಕ್ಕವಿಲ್ಲ.

ದೀಪವು ಸುಮಾರು ನಲವತ್ತು ದಿವಸ ನಿಂತಿತು. ಯುಗಾದಿಗೆ ಇನ್ನು ಒಂದು ವಾರವಿದ್ದಾಗ ಒಂದು ರಾತ್ರಿ, ಹತ್ತು ಗಂಟೆಗೆ ಕಾಲು ಗಂಟೆಯಿರುವಾಗ, ಬೋರ್ಡು ತಗಡು ಸಮೇತವಾಗಿ ಕಿತ್ತುಕೊಂಡು ಮೇಜಿನ ಮೇಲೆ ಬಿದ್ದಿತು. ಕಬ್ಬಿಣದ ಕೊಡೆಯ ಅಂಚು ಮೇಜಿನ ಹಲಗೆಯನ್ನು ಕಚ್ಚಿ ನಿಂತಿತ್ತು. ಗಾಜಿನ ಭರಣಿಯು ಚೂರುಚೂರಾಗಿ ಅಡುಗೆಮನೆಯ ಬಾಗಿಲಿನವರೆಗೂ ಸಿಡಿದಿತ್ತು. ಆ ಮೇಜಿನ ಬಳಿ ನಾಲ್ಕನೆಯ ತರಗತಿಯಲ್ಲಿದ್ದ ನಮ್ಮ ಮೊಮ್ಮಗಳು ಪ್ರತಿನಿತ್ಯವೂ ಕುಳಿತು ಲೆಕ್ಕ ಮಾಡುವಳು. ಅಂದು ಒಂಬತ್ತು ಗಂಟೆಗೆ ಎದ್ದುಹೋಗಿದ್ದಳು. ಅವಳ ಪುಸ್ತಕವು ಅಲ್ಲಿಯೇ ತೆರೆದಿತ್ತು.

ಮಗನು ಏನನ್ನೂ ಹೇಳಲಿಲ್ಲ. ಗಾಜನ್ನು ಗುಡಿಸುತ್ತಾ ನಮ್ಮ ಮನೆಯವರು ಮಾತ್ರ, “ಮುಹೂರ್ತ ನೋಡಿದೋರು ನೀವೇ ಅಲ್ವೇ?” ಎಂದರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಮರುದಿನ ನಮ್ಮ ಹಳೆಯ ಶಿಷ್ಯನೊಬ್ಬನನ್ನು ಕರೆಸಿದೆವು. ಈಗ ಅವನು ಕಟ್ಟಡಗಳ ಎಂಜಿನಿಯರು. ಅವನಿಂದಲೂ, ಸಂಕೋಚದಿಂದ ಬಾಗಿಲಲ್ಲಿಯೇ ನಿಂತಿದ್ದ ಆ ವಿದ್ಯುತ್ತಿನ ತರುಣನಿಂದಲೂ, ನಾವು ಆಮೇಲೆ ಕಲಿತುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ತಪ್ಪು ತರುಣನದಲ್ಲವೆಂದು ಅವನ ಎದುರಿಗೇ ಹೇಳಿದೆವು. ಹೇಳಬೇಕಾಗಿತ್ತು.

ಶಿಷ್ಯನ ಮೊದಲನೆಯ ಪ್ರಶ್ನೆಗೇ ನಾವು ನಿರುತ್ತರರಾದೆವು. “ಮೇಷ್ಟ್ರೇ, ಈ ದೀಪ ಎಷ್ಟು ತೂಕ?” ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕನ್ನಡದಲ್ಲಿ ನೇತುಹಾಕುವುದಕ್ಕೂ ತೂಕ ಮಾಡುವುದಕ್ಕೂ ‘ತೂಗು’ ಎಂಬ ಒಂದೇ ಮಾತಿರುವುದನ್ನು ನಾವು ಅದುವರೆಗೆ ಲಕ್ಷಿಸಿರಲಿಲ್ಲ. ಸಂಸ್ಕೃತದಲ್ಲಿಯೂ ಅವಲಂಬನ, ಆಲಂಬನ ಮುಂತಾದ ಶಬ್ದಗಳಿಗೆ ಮೂಲವಾದ ಧಾತುವಿಗೆ ವೈಯಾಕರಣರು ಕೆಳಕ್ಕೆ ಜಾರುವುದೆಂಬ ಅರ್ಥವನ್ನು ಕೊಟ್ಟಿದ್ದಾರೆ. ನೇತಾಡುವ ವಸ್ತುವು ಜಾರಲು ಸಿದ್ಧವಾಗಿಯೇ ಇರುತ್ತದೆಂಬುದು ಅವರಿಗೆ ತಿಳಿದಿತ್ತೋ ಏನೋ. ಇರಲಿ. ತೂಕವನ್ನು ತಿಳಿಯುವುದು ಸುಲಭ. ಮನುಷ್ಯರು ನಿಂತು ತೂಕ ನೋಡಿಕೊಳ್ಳುವ ಯಂತ್ರವಿದ್ದರೆ, ಮೊದಲು ಬರಿಗೈಯಲ್ಲಿ ನಿಂತು, ಆಮೇಲೆ ದೀಪವನ್ನು ಎತ್ತಿಕೊಂಡು ನಿಂತು, ಎರಡರ ವ್ಯತ್ಯಾಸವನ್ನು ತೆಗೆದರಾಯಿತು. ಇಲ್ಲವಾದರೆ ಬೀದಿಯ ಮೂಲೆಯ ಗುಜರಿ ಅಂಗಡಿಯ ತಕ್ಕಡಿಯಿದೆ. ಸರಪಳಿ, ಕೊಂಡಿ, ಗಾಜು, ಪಂಜರ ಎಲ್ಲವನ್ನೂ ಕೂಡಿಸಿಯೇ ತೂಗತಕ್ಕದ್ದು. ನಮ್ಮ ದೀಪವು ೧೧ ಕಿಲೋಗ್ರಾಂ ಆಯಿತು. ಸಾಮಾನ್ಯವಾದ ಚಾವಣಿಯ ಫ್ಯಾನಿನ ತೂಕ ಮೂರರಿಂದ ಐದು ಕಿಲೋ ಎಂಬುದನ್ನು ನೆನೆದರೆ ವ್ಯತ್ಯಾಸವು ತಿಳಿಯುತ್ತದೆ. ಹಳೆಯ ದೀಪಗಳ ತಲೆಯಲ್ಲಿ ಕಬ್ಬಿಣದ ತಗಡುಗಳಿಗೆ ತಾಮ್ರದ ತಂತಿ ಸುತ್ತಿದ ‘ಚೋಕು’ ಇರುವುದುಂಟು, ಎಲ್.ಇ.ಡಿ. ಬಲ್ಬಿಗೆ ಅದರ ಕೆಲಸವಿಲ್ಲ. ಅದನ್ನು ತೆಗೆಯಿಸಿದರೆ ಒಂದೆರಡು ಕಿಲೋ ಕಡಿಮೆಯಾಗುವುದೂ ಉಂಟು.

ಎರಡನೆಯದು ಚಾವಣಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ಏಕೆಂದರೆ ಕೆಳಗಿನಿಂದ ನೋಡುವವರಿಗೆ ಎಲ್ಲಾ ಚಾವಣಿಗಳೂ ಸುಣ್ಣ ಬಳಿದ ಒಂದೇ ಬಿಳಿಯ ಬಯಲಾಗಿ ಕಾಣುವುವು.

ಈಗಿನ ಮನೆಗಳಲ್ಲಿ ಹೆಚ್ಚಿನವು ಕಬ್ಬಿಣ ಹಾಕಿದ ಕಾಂಕ್ರೀಟಿನ ಚಾವಣಿಯುಳ್ಳವು. ಅದರ ದಪ್ಪವು ಸಾಧಾರಣವಾಗಿ ನಾಲ್ಕೈದು ಅಂಗುಲ. ಕಾಂಕ್ರೀಟನ್ನು ಸುರಿಯುವಾಗಲೇ ಒಳಗಿನ ಕಂಬಿಗಳಿಗೆ ಒಂದು ಕೊಕ್ಕೆಯನ್ನು ಸೇರಿಸಿ ಫ್ಯಾನಿನ ಡಬ್ಬಿಯನ್ನು ಇಟ್ಟಿದ್ದರೆ, ಭಾರವಾದ ದೀಪಕ್ಕೆ ಅದಕ್ಕಿಂತ ಉತ್ತಮವಾದ ಆಶ್ರಯವಿಲ್ಲ. ಆದರೆ ಡಬ್ಬಿಯನ್ನು ಕಂಡ ಮಾತ್ರಕ್ಕೆ ನಂಬಬಾರದು. ಕೊಕ್ಕೆಯ ಕಂಬಿಯು ಡಬ್ಬಿಯ ಎರಡು ಪಕ್ಕದಿಂದಲೂ ಹೊರಕ್ಕೆ ಹೊರಟು ಕಾಂಕ್ರೀಟಿನೊಳಗೆ ದೂರ ಹೋಗಿರಬೇಕು. ಕೆಲವು ಕಡೆ ಅದು ಡಬ್ಬಿಯ ತೆಳುತಗಡಿಗೆ ಮಾತ್ರ ಸಿಕ್ಕಿಕೊಂಡಿರುತ್ತದೆ. ಮುಚ್ಚಳವನ್ನು ತೆಗೆದು, ದೀಪ ಹಿಡಿದು, ಕಣ್ಣಾರೆ ನೋಡತಕ್ಕದ್ದು. ಮನೆ ಕಟ್ಟಿಸುವವರು ಇನ್ನೂ ಚಾವಣಿ ಹಾಕಿಸಿರದಿದ್ದರೆ, ಊಟದ ಮೇಜು ಬರುವ ಕಡೆ ಇಂತಹ ಒಂದು ಕೊಕ್ಕೆಯನ್ನು ಮೊದಲೇ ಬಿಡಿಸಿಕೊಳ್ಳಲಿ. ಆಗ ತಗಲುವ ವೆಚ್ಚ ಒಂದು ಕಂಬಿಯ ತುಂಡಿನದು.

ಕೊಕ್ಕೆ ಇಲ್ಲದಿದ್ದರೆ ಕಾಂಕ್ರೀಟನ್ನು ಕೊರೆದು ಆಂಕರ್ ಬೋಲ್ಟನ್ನು ಹಾಕಬೇಕಾಗುತ್ತದೆ. ಈ ಬೋಲ್ಟನ್ನು ಬಿಗಿದಂತೆಲ್ಲ ಅದರ ತುದಿಯ ಕವಚವು ಅಗಲವಾಗಿ ರಂಧ್ರದ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಗೋಡೆಗೆ ಪಟಗಳನ್ನು ತಗುಲಿಸಲು ಉಪಯೋಗಿಸುವ ಪ್ಲಾಸ್ಟಿಕ್ಕಿನ ಬಿರಡೆಗಳು ಈ ಕೆಲಸಕ್ಕೆ ಸರ್ವಥಾ ಸಲ್ಲವು. ಗೋಡೆಯಲ್ಲಿ ಭಾರವು ಬಿರಡೆಗೆ ಅಡ್ಡವಾಗಿ ಬೀಳುತ್ತದೆ, ಚಾವಣಿಯಲ್ಲಿಯಾದರೋ ಅದನ್ನು ನೇರವಾಗಿ ಹೊರಕ್ಕೆ ಎಳೆಯುತ್ತದೆ. ಬೋಲ್ಟಿನ ವಿಷಯದಲ್ಲಿಯೂ ಶಿಷ್ಯನು ಕೆಲವು ಸೂಕ್ಷ್ಮಗಳನ್ನು ಹೇಳಿದನು. ಕೆಳಭಾಗದ ಗಾರೆಯು ಅರ್ಧ ಅಂಗುಲವೋ ಹೆಚ್ಚೋ ಇರುತ್ತದೆ. ಅದು ಅಲಂಕಾರವೇ ಹೊರತು ಆಧಾರವಲ್ಲ. ಬೋಲ್ಟು ಹಿಡಿಯಬೇಕಾದ ಆಳವನ್ನು ಗಾರೆಯನ್ನು ಕಳೆದು ಎಣಿಸತಕ್ಕದ್ದು. ರಂಧ್ರದೊಳಗಿನ ಪುಡಿಯನ್ನು ಊದಿ, ಕುಂಚದಿಂದ ಉಜ್ಜಿ ತೆಗೆಯದಿದ್ದರೆ ಹಿಡಿತವು ಕಡಿಮೆಯಾಗುವುದು. ಚಾವಣಿಯ ಅಂಚಿಗೆ ಸಮೀಪದಲ್ಲಿಯೂ ಬಿರುಕಿನ ಮೇಲೆಯೂ ಕೊರೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮನೆಗಳಲ್ಲಿ ವಿದ್ಯುತ್ತಿನ ತಂತಿಯ ಕೊಳವೆಗಳು ಕಾಂಕ್ರೀಟಿನ ಒಳಗೇ ಮಲಗಿರುತ್ತವೆ. ಒಂದು ಫ್ಯಾನಿನ ಡಬ್ಬಿಯಿಂದ ಇನ್ನೊಂದಕ್ಕೂ, ಡಬ್ಬಿಯಿಂದ ಗೋಡೆಗೂ ಹೋಗುವ ದಾರಿಯನ್ನು ಊಹಿಸಿ, ಅದನ್ನು ಬಿಟ್ಟು ಕೊರೆಯತಕ್ಕದ್ದು. ಕೊರೆಯುವ ಮೊದಲು ಮನೆಯ ಆ ಭಾಗದ ವಿದ್ಯುತ್ತನ್ನು ನಿಲ್ಲಿಸಿ, ಯಂತ್ರಕ್ಕೆ ಬೇರೆ ಕಡೆಯಿಂದ ತಂತಿ ಎಳೆದುಕೊಳ್ಳುವುದು ಲೇಸು. ಒಳಗೆ ಕಂಬಿಯು ತಗುಲಿತೆಂದರೆ ಅದನ್ನು ಕತ್ತರಿಸಿ ಮುಂದೆ ಹೋಗದೆ, ಎರಡು ಮೂರು ಅಂಗುಲ ಸರಿದು ಬೇರೆ ರಂಧ್ರವನ್ನು ತೆಗೆಯಬೇಕು.

ಕಾಂಕ್ರೀಟಿನ ನಡುವೆ ಹೆಂಚನ್ನೋ ಟೊಳ್ಳಾದ ಇಟ್ಟಿಗೆಯನ್ನೋ ತುಂಬಿದ ಚಾವಣಿಗಳೂ ಉಂಟು. ಅಲ್ಲಿ ಬೋಲ್ಟು ಕಾಂಕ್ರೀಟಿನ ಪಟ್ಟಿಗೆ ಬೀಳಬೇಕು, ತುಂಬಿದ ವಸ್ತುವಿಗಲ್ಲ.

ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಮದರಾಸು ತಾರಸಿಯ ಮನೆಗಳು ಇನ್ನೂ ಉಳಿದಿವೆ. ತೊಲೆ, ತೊಲೆಯ ಮೇಲೆ ಜಂತೆ, ಜಂತೆಗಳ ಮೇಲೆ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಅಲ್ಲಿ ಇಟ್ಟಿಗೆಗೆ ಏನನ್ನೂ ತಗುಲಿಸಕೂಡದು. ಭಾರವೆಲ್ಲ ಮರಕ್ಕೆ ಸೇರಬೇಕು. ಆದರೆ ಮರಕ್ಕೆ ಕೆಳಗಿನಿಂದ ತಿರುಪಿದ ಕೊಕ್ಕೆಯು ವರ್ಷಗಟ್ಟಲೆ ಎಳೆತಕ್ಕೆ ಸಿಕ್ಕಿ ಸಡಿಲವಾಗುವುದುಂಟು. ತೊಲೆಯ ಎತ್ತರದ ನಡುಭಾಗದಲ್ಲಿ ಅಡ್ಡಲಾಗಿ ಒಂದು ರಂಧ್ರವನ್ನು ಕೊರೆದು, ಅದರಲ್ಲಿ ಬೋಲ್ಟನ್ನು ಹಾಯಿಸಿ, ಎರಡು ಪಕ್ಕದಲ್ಲಿಯೂ ಕಬ್ಬಿಣದ ಪಟ್ಟಿಯನ್ನು ಇಳಿಬಿಟ್ಟು, ಆ ಪಟ್ಟಿಗೆ ಕೊಂಡಿಯನ್ನು ಸೇರಿಸುವುದು ಕಮ್ಮಾರರ ಹಳೆಯ ಪದ್ಧತಿ, ಅದೇ ಸರಿಯಾದದ್ದು. ತೊಲೆಯ ಕೆಳ ಅಂಚಿನಲ್ಲಿ ಕೊರೆಯಬಾರದು, ಮರವು ಹೆಚ್ಚು ಎಳೆತಕ್ಕೆ ಸಿಕ್ಕಿರುವುದು ಅಲ್ಲಿಯೇ. ಮೊದಲು ಗೆದ್ದಲಿದೆಯೇ ಎಂದು ಉಳಿಯಿಂದ ಚುಚ್ಚಿ ನೋಡಬೇಕಾದದ್ದು ಹೇಳದೆಯೇ ತಿಳಿಯುವ ಮಾತು. ಮಂಗಳೂರು ಹೆಂಚಿನ ಮನೆಗಳಲ್ಲಿಯೂ ಹೀಗೆಯೇ: ತೂಗುಹಾಕುವುದು ತೊಲೆಗೆ, ಪಕಾಸಿಗಲ್ಲ, ರೀಪಿಗಂತೂ ಅಲ್ಲವೇ ಅಲ್ಲ.

ಹಳೆಯ ಮನೆಗಳಲ್ಲಿ ಉಯ್ಯಾಲೆಯ ಬಳೆಗಳು ಖಾಲಿಯಾಗಿ ನೇತಾಡುತ್ತಿರುವುದನ್ನು ನೋಡಿದ್ದೇವೆ. ನಾಲ್ಕು ಮಂದಿಯನ್ನು ತೂಗಿದ ಬಳೆ, ದೀಪವನ್ನು ಹೊರಲಾರದೆ? ಹೊರಬಲ್ಲುದು. ಆದರೆ ಬಳೆಯನ್ನು ಒಂದು ಸಾರಿ ಪಕ್ಕಕ್ಕೆ ಸರಿಸಿ ನೋಡಬೇಕು. ಕಬ್ಬಿಣಕ್ಕೆ ಕಬ್ಬಿಣವು ಉಜ್ಜಿದ ಎಡೆಯಲ್ಲಿ ಎಪ್ಪತ್ತೆಂಬತ್ತು ವರ್ಷಗಳಲ್ಲಿ ಅದು ಅರ್ಧದಷ್ಟು ಸವೆದಿರುವುದೂ ಉಂಟು. ಹೊರಗಿನಿಂದ ಅದು ಕಾಣುವುದಿಲ್ಲ.

ಇನ್ನು ಫಾಲ್ಸ್ ಸೀಲಿಂಗ್. ಅದನ್ನು ಕುರಿತು ನಮ್ಮ ಮೇಜೇ ಹೇಳಿದೆ. ಅದು ತನ್ನ ಭಾರವನ್ನು ತಾನು ಹೊತ್ತುಕೊಂಡಿರುವುದೇ ದೊಡ್ಡದು. ದೀಪದ ಕಡ್ಡಿಯು ಅದರಲ್ಲಿಯ ತೂತಿನ ಮೂಲಕ, ಅದನ್ನು ಮುಟ್ಟದೆ, ಮೇಲಿನ ಕಾಂಕ್ರೀಟಿಗೆ ಹೋಗಬೇಕು.

ರಂಧ್ರದಲ್ಲಿ ಅಂಟುದ್ರವ್ಯವನ್ನು ತುಂಬಿ ಕಂಬಿಯನ್ನು ನಿಲ್ಲಿಸುವ ಹೊಸ ಪದ್ಧತಿಯೊಂದಿದೆ. ಅಂಗಡಿಯವರು ಅದನ್ನು ಬಹಳವಾಗಿ ಹೊಗಳುವರು, ನಾವೂ ಅದಕ್ಕೆ ಒಲಿದಿದ್ದೆವು. ಶಿಷ್ಯನು ಆಗ ಅಮೆರಿಕದ ಬಾಸ್ಟನ್ ನಗರದ ಒಂದು ಸಂಗತಿಯನ್ನು ಹೇಳಿದನು. ಅಲ್ಲಿಯ ಒಂದು ಸುರಂಗಮಾರ್ಗದಲ್ಲಿ ಕಾಂಕ್ರೀಟಿನ ದೊಡ್ಡ ಹಲಗೆಗಳನ್ನು ಮೇಲುಗಡೆಯಿಂದ ತೂಗುಹಾಕಿದ್ದರು. ಆಧಾರದ ಬೋಲ್ಟುಗಳನ್ನು ಎಪಾಕ್ಸಿ ಎಂಬ ಅಂಟಿನಿಂದ ಕೂರಿಸಿದ್ದರು. ೨೦೦೬ನೆಯ ಇಸವಿಯ ಜುಲೈ ೧೦ರಂದು ಸುಮಾರು ೨೬ ಟನ್ನು ಭಾರವು ಕಳಚಿ ದಾರಿಯಲ್ಲಿ ಹೋಗುತ್ತಿದ್ದ ಒಂದು ಕಾರಿನ ಮೇಲೆ ಬಿದ್ದು ಒಬ್ಬ ಸ್ತ್ರೀಯು ಮೃತಳಾದಳು. ವಿಚಾರಣೆಯಲ್ಲಿ ತಿಳಿದುಬಂದದ್ದೇನೆಂದರೆ, ಬೇಗನೆ ಗಟ್ಟಿಯಾಗುವಂತೆ ಮಾಡಿದ ಆ ಬಗೆಯ ಅಂಟು ಅಲ್ಪಕಾಲದ ಎಳೆತವನ್ನು ತಡೆಯಬಲ್ಲುದಾದರೂ, ಎಡೆಬಿಡದೆ ನಿತ್ಯವೂ ಎಳೆಯುವ ಭಾರಕ್ಕೆ ಕೂದಲೆಳೆಯಷ್ಟಷ್ಟೇ ಜಾರುತ್ತಾ ಬರುತ್ತದೆಂಬುದು. ಅಂಟುಗಳಲ್ಲಿ ಸದಾಕಾಲದ ಭಾರಕ್ಕೆಂದೇ ಮಾಡಿದವುಗಳೂ ಇವೆ; ಬಲ್ಲವರು ಆರಿಸಿ ಹಾಕಬೇಕು. ಮನೆಯ ದೀಪಕ್ಕೆ ಲೋಹವು ಲೋಹವನ್ನು ಹಿಡಿಯುವ ಮಾರ್ಗವಿರುವಾಗ ಅಂಟಿನ ಗೊಡವೆಯೇ ಬೇಡವೆಂದು ನಾವು ತೀರ್ಮಾನಿಸಿದೆವು. ನಮ್ಮ ತಗಡಿನ ಸ್ಕ್ರೂಗಳು ನಲವತ್ತು ದಿನ ಏನು ಮಾಡುತ್ತಿದ್ದುವೆಂಬುದೂ ಆಗ ನಮಗೆ ಅರ್ಥವಾಯಿತು.

ಸರಪಳಿಯ ವಿಷಯದಲ್ಲಿ, ಬಳೆಗಳನ್ನು ಸುಮ್ಮನೆ ಬಗ್ಗಿಸಿ ಸೇರಿಸಿದ ಅಲಂಕಾರದ ಸರಪಳಿಯು ಭಾರಕ್ಕೆ ಬಾಯಿಬಿಡುತ್ತದೆ. ಬೆಸುಗೆ ಹಾಕಿದ ಬಳೆಗಳದೇ ಬೇಕು. ಬಾಯ್ತೆರೆದ ಕೊಕ್ಕೆಗೆ ಬದಲಾಗಿ ಮುಚ್ಚಿದ ಕೊಂಡಿ, ಒಂದು ನಟ್ಟಿನ ಮೇಲೆ ಇನ್ನೊಂದು ನಟ್ಟು. ಉದ್ದನೆಯ ದೀಪಗಳಿಗೆ ಎರಡು ಸರಪಳಿಗಳನ್ನು ಹಾಕುವಾಗ ಒಂದು ಸಂಗತಿಯನ್ನು ನೆನಪಿಡತಕ್ಕದ್ದು. ಅವು ನೇರವಾಗಿ ಇಳಿದಿದ್ದರೆ ಒಂದೊಂದಕ್ಕೂ ಅರ್ಧ ಭಾರ. ಅಂದಕ್ಕಾಗಿ ಅವುಗಳನ್ನು ಓರೆಯಾಗಿ ಅಗಲಿಸಿ, ನಡುವಣ ಕೋನವು ೧೨೦ ಡಿಗ್ರಿಯಾಗುವಂತೆ ಮಾಡಿದರೆ, ಒಂದೊಂದು ಸರಪಳಿಯೂ ದೀಪದ ಪೂರ್ತಿ ಭಾರದಷ್ಟನ್ನೇ ಎಳೆಯಬೇಕಾಗುತ್ತದೆ. ಕೋನವು ಇನ್ನೂ ಹೆಚ್ಚಿದರೆ ಭಾರಕ್ಕಿಂತಲೂ ಹೆಚ್ಚು. ನಂಬದವರು ಎರಡು ಕೈಗಳಿಂದ ಒಂದು ನೀರಿನ ಬಿಂದಿಗೆಯನ್ನು ಹಗ್ಗದಲ್ಲಿ ಎತ್ತಿ, ಕೈಗಳನ್ನು ಅಗಲಿಸುತ್ತಾ ಹೋಗಿ ನೋಡಬಹುದು. ಇವೆಲ್ಲದರ ಮೇಲೆ ಎರಡನೆಯ ಆಧಾರವೊಂದು: ಬೇರೆ ಬೋಲ್ಟಿನಿಂದ ದೀಪದ ಒಡಲಿಗೆ ಸ್ವಲ್ಪ ಸಡಿಲವಾಗಿ ಬಿಟ್ಟ ಉಕ್ಕಿನ ಹುರಿ. ಮೊದಲನೆಯದು ಎಂದಾದರೂ ಕೈಬಿಟ್ಟರೆ ಇದು ಹಿಡಿದುಕೊಳ್ಳುತ್ತದೆ.

ವಿದ್ಯುತ್ತಿನ ತಂತಿಯು ಭಾರವನ್ನು ಹೊರಲೇಬಾರದು. ಅದು ಸರಪಳಿಗಿಂತ ಉದ್ದವಾಗಿ ಸಡಿಲವಾಗಿರಬೇಕು. ಹಳೆಯ ದೀಪದೊಳಗಿನ ಬಟ್ಟೆ, ರಬ್ಬರುಗಳ ಹೊದಿಕೆಯ ತಂತಿಗಳು ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುತ್ತವೆ. ಎಲ್ಲವನ್ನೂ ಕಿತ್ತು ಹೊಸದನ್ನು ಹಾಕಿಸತಕ್ಕದ್ದು. ಕೆಲವು ಹಳೆಯ ದೀಪಗಳಲ್ಲಿ ಶಾಖ ತಡೆಯುವ ಕಲ್ನಾರಿನ ಹೊದಿಕೆಯೂ, ೧೯೭೦ರ ದಶಕದವರೆಗಿನ ಕೆಲವು ಕೆಪಾಸಿಟರುಗಳಲ್ಲಿ ಪಿ.ಸಿ.ಬಿ. ಎಂಬ ವಿಷತೈಲವೂ ಇರುತ್ತವೆ. ಆದಕಾರಣ ಮಕ್ಕಳ ಎದುರಿಗೆ ಅವನ್ನು ಬಿಚ್ಚುವ ಸಾಹಸವು ಬೇಡ. ಪಾದರಸದ ಹಳೆಯ ಬಲ್ಬನ್ನೂ ಮನೆಯಲ್ಲಿ ಉಪಯೋಗಿಸಕೂಡದು. ಅದರ ಹೊರಗಿನ ಗಾಜು ಒಡೆದೂ ಒಳಗಿನದು ಉರಿಯುತ್ತಿದ್ದರೆ ಕಣ್ಣಿಗೂ ಚರ್ಮಕ್ಕೂ ಕೆಡುಕಾದ ಕಿರಣಗಳು ಹೊರಡುತ್ತವೆ. ದೀಪದ ಒಡಲು ಲೋಹದ್ದಾದುದರಿಂದ ಮೂರು ಎಳೆಯ ತಂತಿ ಬೇಕು. ಮೂರನೆಯ ಎಳೆಯನ್ನು, ಅಂದರೆ ಅರ್ತನ್ನು, ಒಡಲಿಗೇ ಬಿಗಿಯಬೇಕು. ಮನೆಯ ಪೆಟ್ಟಿಗೆಯಲ್ಲಿ ೩೦ ಮಿಲಿಯಾಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಇನ್ನೂ ಕ್ಷೇಮ. ಕೆಲಸ ಮಾಡುವಾಗ ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು, ಮೇನನ್ನೇ ಆರಿಸತಕ್ಕದ್ದು. ಸ್ವಿಚ್ಚನ್ನು ತಪ್ಪಾದ ತಂತಿಗೆ ಸೇರಿಸಿರುವ ಮನೆಗಳು ಎಷ್ಟೋ ಇವೆ. ಗಾಜಿನ ಭರಣಿಯೊಳಗೆ ಮುಚ್ಚಿದ ಎಲ್.ಇ.ಡಿ. ಬಲ್ಬು ಕಾದು ಬೇಗ ಕೆಡುವುದರಿಂದ ಕಡಿಮೆ ವಾಟಿನದನ್ನು ಹಾಕುವುದು ಒಳ್ಳೆಯದು.

ದೀಪದ ಎತ್ತರ ಮೇಜಿನಿಂದ ಎರಡೂವರೆ ಅಡಿ, ಜನ ನಡೆಯುವ ಕಡೆ ನೆಲದಿಂದ ಏಳು ಅಡಿಗೆ ಕಡಿಮೆಯಿಲ್ಲದೆ. ಮಂಚದ ಮೇಲೆಯೂ ತೊಟ್ಟಿಲಿನ ಮೇಲೆಯೂ ಎಷ್ಟು ಭದ್ರವಾಗಿದ್ದರೂ ಬೇಡವೆಂಬುದು ನಮ್ಮ ಸ್ವಂತ ಅಭಿಪ್ರಾಯ.

ಇನ್ನು ಪರೀಕ್ಷೆ. ಗ್ವಾಲಿಯರಿನ ಜಯವಿಲಾಸ ಅರಮನೆಯು ೧೮೭೪ರಲ್ಲಿ ಕಟ್ಟಿದ್ದು. ಅದರ ದರ್ಬಾರು ಸಭಾಂಗಣದಲ್ಲಿ ಎರಡು ಮಹಾ ದೀಪಗುಚ್ಛಗಳಿವೆ. ಒಂದೊಂದೂ ಮೂರೂವರೆ ಟನ್ನು ತೂಗುವುದೆಂದೂ, ಅವುಗಳನ್ನು ತೂಗುಹಾಕುವ ಮೊದಲು ಚಾವಣಿಯ ಮೇಲೆ ಆನೆಗಳನ್ನು ಹತ್ತಿಸಿ ಅದರ ಬಲವನ್ನು ಪರೀಕ್ಷಿಸಿದರೆಂದೂ ಹೇಳುವರು. ಕಥೆಯು ಎಷ್ಟು ನಿಜವೋ, ನಮಗೆ ಅದರ ಹಿಂದಿನ ಬುದ್ಧಿ ಮೆಚ್ಚುಗೆಯಾಯಿತು. ಈಗಿನ ಕಾಲದಲ್ಲಿಯೂ, ದೀಪದ ಉಪಕರಣಗಳ ಅಂತರರಾಷ್ಟ್ರೀಯ ನಿಯಮದಲ್ಲಿ, ತೂಗುವ ದೀಪಕ್ಕೆ ಅದರ ತೂಕದ ನಾಲ್ಕರಷ್ಟನ್ನು ಸೇರಿಸಿ ಒಂದು ಗಂಟೆಯ ಕಾಲ ಇಟ್ಟು ನೋಡಬೇಕೆಂದಿದೆ. ಅದು ಕಾರ್ಖಾನೆಯವರು ದೀಪಕ್ಕೆ ಮಾಡುವ ಪರೀಕ್ಷೆ. ನಮ್ಮ ಶಿಷ್ಯನು ಅದನ್ನೇ ಚಾವಣಿಯ ಕೊಂಡಿಗೆ ಮಾಡಿ, ಒಂದು ಗಂಟೆಗೆ ಬದಲು ಒಂದು ದಿನ ಬಿಡೋಣವೆಂದನು.

ಲೆಕ್ಕವನ್ನು ಮೊಮ್ಮಗಳಿಗೆ ಬಿಟ್ಟೆವು. ಅವಳು ಹನ್ನೊಂದು ನಾಲ್ಕಲಿ ನಲವತ್ತನಾಲ್ಕು, ದೀಪದ್ದು ಹನ್ನೊಂದು, ಒಟ್ಟು ಐವತ್ತೈದು ಎಂದಳು. ಸಿಮೆಂಟಿನ ಒಂದು ಚೀಲ ಐವತ್ತು ಕಿಲೋ. ಉಳಿದ ಐದಕ್ಕೆ ಅವಳು ಅಡುಗೆಮನೆಯಿಂದ ಐದು ಉಪ್ಪಿನ ಪೊಟ್ಟಣಗಳನ್ನು ತಂದು ಚೀಲದ ಮೇಲೆ ಕಟ್ಟಿದಳು. ಹೊಸ ಬೋಲ್ಟಿನ ಕೊಂಡಿಯಿಂದ ಉದ್ದವಾದ ಸರಪಳಿಯನ್ನು ಇಳಿಬಿಟ್ಟು, ಚೀಲವು ನೆಲದಿಂದ ಎರಡೇ ಅಂಗುಲ ಮೇಲಿರುವಂತೆ ನೇತುಹಾಕಿದರು. ಹೀಗೆ ಮಾಡಿದರೆ ಕೊಂಡಿಯು ಕಿತ್ತುಬಂದರೂ ಚೀಲವು ಬೀಳುವುದು ಎರಡು ಅಂಗುಲ ಮಾತ್ರ. ಬೋಲ್ಟೂ ಸರಪಳಿಯೂ ಮೇಲಿನಿಂದ ಬೀಳಬಹುದಾದ್ದರಿಂದ ಸುತ್ತಲೂ ಕುರ್ಚಿಗಳನ್ನಿಟ್ಟು ಆ ಜಾಗಕ್ಕೆ ಯಾರೂ ಹೋಗದಂತೆ ಮಾಡಿದೆವು. ಬೋಲ್ಟಿನ ಸುತ್ತ ಚಾವಣಿಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ.

ಆ ರಾತ್ರಿಯೂ ನಾವು ಎರಡು ಸಾರಿ ಎದ್ದು ಬಂದು ನೋಡಿದೆವು. ಎರಡನೆಯ ಸಾರಿ ಬಂದಾಗ ಮಗನೂ ಕತ್ತಲೆಯಲ್ಲಿ ನಿಂತು ನೋಡುತ್ತಿದ್ದನು. “ಮಲಗಿಕೊಳ್ಳಿ ಅಪ್ಪ” ಎಂದನು.

ಬೆಳಿಗ್ಗೆ ಮೊಮ್ಮಗಳು ತನ್ನ ಶಾಲೆಯ ಅಳತೆಪಟ್ಟಿಯನ್ನು ತಂದು ಚೀಲದ ಕೆಳಗೆ, ದೂರದಿಂದಲೇ ಚಾಚಿ, ಅಳೆದಳು. ಎರಡು ಅಂಗುಲ ಎರಡೇ ಅಂಗುಲವಾಗಿತ್ತು. ಪೆನ್ಸಿಲಿನ ಗೆರೆಯೂ ಬೋಲ್ಟೂ ಇದ್ದಲ್ಲಿಯೇ ಇದ್ದುವು. ಆ ವಿದ್ಯುತ್ತಿನ ತರುಣನೇ ಸಾಯಂಕಾಲ ಬಂದು, ಮೊದಲು ಉಕ್ಕಿನ ಹುರಿಯನ್ನೂ ಅನಂತರ ಸರಪಳಿಯನ್ನೂ ಕಡೆಗೆ ವಿದ್ಯುತ್ತಿನ ತಂತಿಯನ್ನೂ ಸೇರಿಸಿ ದೀಪವನ್ನು ತೂಗುಹಾಕಿದನು. ಈ ಸಾರಿ ನಾವು ಪಂಚಾಂಗವನ್ನು ನೋಡಲಿಲ್ಲ. ಪ್ರತಿ ವರ್ಷವೂ ಆಯುಧಪೂಜೆಯ ಹಿಂದಿನ ದಿನ, ಯಂತ್ರಗಳನ್ನು ಒರಸಿ ಇಡುವಾಗ, ಅವನು ಬಂದು ನಟ್ಟುಗಳನ್ನು ನೋಡಿ ಹೋಗುತ್ತಾನೆ.

ಮೇಜಿನಲ್ಲಿ ಬಿದ್ದ ಗಾಯವನ್ನು ಮರದ ಪುಡಿಯಿಂದ ತುಂಬಿಕೊಡುತ್ತೇನೆಂದು ಬಡಗಿಯ ಯಜಮಾನನು ಹೇಳಿದನು. ಮೊಮ್ಮಗಳು ಬೇಡವೆಂದಳು. “ಪೆನ್ಸಿಲ್ ಉರುಳಿಹೋಗದ ಹಾಗೆ ಇಡೋದಕ್ಕೆ ಚೆನ್ನಾಗಿದೆ ತಾತ” ಎಂದು ಅವಳ ವಾದ.